ಕೊಯ್ಲಿಗೆ ಮುಂಚಿನ ಕೃತಜ್ಞತೆ



ಸೆಪ್ಟೆಂಬರ್ 8 ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರಿಗೆ ಮೊಂತಿ ಹಬ್ಬ. ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೂ ಮುಂಚಿನ ಒಂಬತ್ತು ದಿನ ಮಕ್ಕಳು ಬೇಲಿ, ಹಿತ್ತಿಲು, ಗದ್ದೆಯ ಬದು ಸುತ್ತಿ ಹೂ ಕೊಯ್ದು ಇಗರ್ಜಿಗೆ ತರುತ್ತಾರೆ. ಹಬ್ಬದ ದಿನ ಧರ್ಮಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ಭತ್ತದ ಕಾಳನ್ನು ಉಗುರಿನಿಂದ ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುವುದು ಕ್ರಮ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಒಬ್ಬೊಬ್ಬರಿಗೂ ಅದನ್ನು ಕೊಟ್ಟ ಮೇಲೆಯೇ ಊಟ; ಅವತ್ತು ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯ ತುಂಬ ತರಕಾರಿ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೂ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವಾದಿಂದ ಬಂದ ಫಾದರ್ ಜೋಕಿಂ ಮಿರಾಂದ ಅವರು 1763ರಲ್ಲಿ ಈ ಆಚರಣೆ ಆರಂಭಿಸಿದರೆಂದು ಹಿರಿಯರು ಹೇಳುತ್ತಾರೆ.

ಹೆಚ್ಚುಕಡಿಮೆ ಅದೇ ಋತುವಿನಲ್ಲಿ ಪಕ್ಕದ ಹಿಂದೂ ಮನೆಗಳಲ್ಲೂ ಕದಿರು ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ. ಕುಂದಾಪುರದ ಕಡೆ ಅದು ಹೊಸ್ತು, ತುಳುವರಿಗೆ ಪುದ್ವಾರ್. ಇನ್ನೂ ಸ್ವಲ್ಪ ತಡವಾಗಿ, ಹುಣ್ಣಿಮೆಯ ಬೆಳದಿಂಗಳಲ್ಲಿ, ಕೊಡವರು ಹುತ್ತರಿಯ ಮೊದಲ ಕದಿರನ್ನು ಮನೆತುಂಬಿಸಿಕೊಳ್ಳುತ್ತಾರೆ.

ಇವೆಲ್ಲದರಲ್ಲೂ ನನ್ನನ್ನು ಯೋಚನೆಗೆ ಹಚ್ಚುವುದು ಒಂದು ಸಂಗತಿ. ಇವು ಕೊಯ್ಲು ಮುಗಿದ ಮೇಲೆ ಬರುವ ಹಬ್ಬಗಳಲ್ಲ. ಸೆಪ್ಟೆಂಬರಿನ ಮೊದಲ ವಾರದಲ್ಲಿ ಏಣೆಲು, ಅಂದರೆ ಮಳೆಗಾಲದ ಬೆಳೆಯ ಗದ್ದೆಗಳಲ್ಲಿ ಬಹುಪಾಲು ಇನ್ನೂ ಹಸಿರೇ. ಮಳೆ ಹಿಂದೆ ಸರಿದಿಲ್ಲ. ನೆರೆ ಬರಬಹುದು, ರೋಗ ತಗಲಬಹುದು, ಕಾಡುಹಂದಿ ನುಗ್ಗಬಹುದು. ಕಣಜಕ್ಕೆ ಎಷ್ಟು ಮುಡಿ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ, ಹಣ್ಣಾದ ನಾಲ್ಕು ತೆನೆ ಕೊಯ್ದು, ದೇವರ ಮುಂದಿಟ್ಟು, ‘ನಿನ್ನಿಂದ ಬಂತು’ ಎನ್ನುತ್ತಾರೆ.

ನಾವಾದರೋ ಸಾಮಾನ್ಯವಾಗಿ ಕೈಮುಗಿಯುವುದನ್ನು ಮುಂದಕ್ಕೆ ಹಾಕುವವರು. ಮಗಳ ಮದುವೆಯೊಂದು ಆಗಲಿ, ಮನೆಯ ಸಾಲ ತೀರಲಿ, ಆಸ್ಪತ್ರೆಯ ರಿಪೋರ್ಟ್ ಸರಿಯಾಗಿ ಬರಲಿ, ಆಮೇಲೆ ಹರಕೆ ಒಪ್ಪಿಸೋಣ. ಹರಕೆ ತಪ್ಪೆಂದಲ್ಲ, ಕಷ್ಟದಲ್ಲಿ ದೇವರನ್ನಲ್ಲದೆ ಇನ್ನಾರನ್ನು ಹಿಡಿಯುವುದು? ಆದರೆ ಹರಕೆ ಕೆಲಸ ಆದ ಮೇಲೆ ಸಲ್ಲುತ್ತದೆ, ತೆನೆ ಅದಕ್ಕೂ ಮೊದಲೇ ಸಲ್ಲುತ್ತದೆ. ಹರಕೆಯಲ್ಲಿ ಒಂದು ಕರಾರಿದೆ, ತೆನೆಯಲ್ಲಿ ಭರವಸೆ ಮಾತ್ರ.

ನಮ್ಮ ಮನೆಯಲ್ಲಿ ಕದಿರು ಕಟ್ಟುವ ಕೆಲಸ ಅಜ್ಜಿಯದಾಗಿತ್ತು. ಮಾವಿನೆಲೆ, ಹಲಸಿನೆಲೆಯ ನಡುವೆ ತೆನೆಯಿಟ್ಟು ನಾರಿನಿಂದ ಬಿಗಿಯುವರು. ಮೊದಲು ತುಳಸಿಕಟ್ಟೆಗೆ, ಆಮೇಲೆ ಬಾಗಿಲ ದಾರಂದಕ್ಕೆ, ಅಕ್ಕಿಮುಡಿಗೆ, ನೇಗಿಲಿಗೆ, ಬಾವಿಯ ರಾಟೆಯ ಕಂಬಕ್ಕೆ, ಹಟ್ಟಿಯ ಗೂಟಕ್ಕೆ. ಕೊನೆಯದನ್ನು ಒಳಕೋಣೆಯ ತೊಲೆಯಲ್ಲಿದ್ದ ತೊಟ್ಟಿಲ ಕೊಕ್ಕೆಗೆ ಕಟ್ಟುತ್ತಿದ್ದರು. ತೊಟ್ಟಿಲು ಅಟ್ಟ ಸೇರಿ ಎಷ್ಟೋ ಕಾಲವಾಗಿತ್ತು. ‘ಇದಕ್ಕೆ ಯಾಕಜ್ಜಿ?’ ಎಂದರೆ, ‘ನೀವೆಲ್ಲ ಇದರ ಕೆಳಗೇ ಅಲ್ವಾ ಬದುಕಿದ್ದು’ ಎನ್ನುತ್ತಿದ್ದರು. ಅಷ್ಟೇ ಉತ್ತರ. ದೇವರು ನಮ್ಮ ಸಂಸಾರದಲ್ಲಿ ಎಲ್ಲೆಲ್ಲಿ ಕೈಯಾಡಿಸಿದ್ದಾನೆ ಎಂಬುದು ಆಕೆಗೆ ಜಾಗ ಜಾಗವಾಗಿ ಗೊತ್ತಿತ್ತು: ನೀರು ಬತ್ತದ ಬಾವಿಯಲ್ಲಿ, ಕರುವಿಗೆ ಬಿಟ್ಟು ನಮಗೂ ಹಾಲು ಕೊಟ್ಟ ಹಸುವಿನಲ್ಲಿ, ಜ್ವರ ಇಳಿದು ಎದ್ದು ಕೂತ ಕೂಸಿನಲ್ಲಿ.

ಮನೆಯೊಳಗಿನ ದೇವರ ಕೆಲಸ ಬಹುತೇಕ ಹೀಗೆಯೇ. ಪವಾಡವೆಂದು ಹೇಳಿಕೊಳ್ಳುವಂಥದ್ದು ಅಪರೂಪ. ನಡುರಾತ್ರಿ ಹೆರಿಗೆ ನೋವು ಬಂದಾಗ ಮಾತಿಲ್ಲದೆ ಆಟೋ ಹೊರಡಿಸಿದ ಪಕ್ಕದ ಮನೆಯವನು, ಫೀಸು ಕಟ್ಟಲಾಗದ ವರ್ಷ ‘ಆಮೇಲೆ ನೋಡೋಣ’ ಎಂದ ಮೇಷ್ಟ್ರು, ಮುನಿದು ಮಾತು ಬಿಟ್ಟಿದ್ದರೂ ಅಪ್ಪನ ಕಾಯಿಲೆಗೆ ಮೊದಲು ಬಂದು ನಿಂತ ಅಣ್ಣ. ದೇವರಿಗೆ ಕೈಮುಗಿಯುವವರು ಇವರ ಮನೆಗೂ ಒಮ್ಮೆ ಹೋಗಿ ಬರಬೇಕು. ತೆನೆಯನ್ನು ಊರಿಗೆ ಹಂಚುವುದರ ಅರ್ಥವೂ ಅದೇ. ಇವತ್ತು ನಮ್ಮಲ್ಲಿ ಎಷ್ಟೋ ಜನರಿಗೆ ಗದ್ದೆಯೇ ಇಲ್ಲ. ಯಾರೋ ಬೆಳೆದ ತೆನೆ ನಮ್ಮ ಬಾಗಿಲಿಗೂ ಬರುತ್ತದೆ.

‘ಈ ವರ್ಷ ನಮ್ಮ ಮನೆಯಲ್ಲಿ ನೆಟ್ಟಗೆ ಏನೂ ಆಗಿಲ್ಲ, ಯಾವುದಕ್ಕೆಂದು ಕೈಮುಗಿಯಲಿ?’ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಲಾಗದು. ಕೃತಜ್ಞತೆಯೆಂದರೆ ಎಲ್ಲ ಚೆನ್ನಾಗಿದೆ ಎಂದು ದೇವರಿಗೆ ಬರೆದುಕೊಡುವ ಸರ್ಟಿಫಿಕೇಟ್ ಅಲ್ಲ. ಅರ್ಧ ಗದ್ದೆ ನೆರೆಗೆ ಹೋದವನೂ ಉಳಿದರ್ಧದಿಂದ ತೆನೆ ತರುತ್ತಾನೆ. ಹೋದದ್ದಕ್ಕೆ ಅಳುತ್ತಲೇ ಉಳಿದದ್ದನ್ನು ಗುರುತಿಸುತ್ತಾನೆ. ಹಾಗೆ ಗುರುತಿಸಿದವನೇ ಮುಂದಿನ ಮಳೆಗೆ ಮತ್ತೆ ಬಿತ್ತನೆಗೆ ಇಳಿಯುತ್ತಾನೆ.

ಈ ಬೆಳಿಗ್ಗೆ ನಮ್ಮ ನಿಮ್ಮ ಮನೆಗಳಲ್ಲಿ ಇನ್ನೂ ಆಗಬೇಕಾದ ಕೆಲಸಗಳ ಪಟ್ಟಿ ಉದ್ದವೇ ಇದ್ದೀತು. ಅದು ಮುಗಿಯುವಂಥದ್ದೂ ಅಲ್ಲ. ಆದದ್ದಕ್ಕೆ ಕೈಮುಗಿಯಲು ಅದು ಮುಗಿಯುವ ತನಕ ಕಾಯಬೇಕಾಗಿಲ್ಲ.