ಹಳೇ ಜೀಪಿನ ಇಂಜಿನ್ ಯಾವ ಕಾಲದ್ದು?
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪುತ್ತೂರು, ಸುಳ್ಯ, ಕಡಬದ ಕಡೆ ಜೀಪು ಇಲ್ಲದೆ ತೋಟ ಇಲ್ಲ ಅಂತ ಹೇಳುವ ಕಾಲ ಒಂದಿತ್ತು. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ರೋಗಿ ಎಲ್ಲವನ್ನೂ ಅದೇ ಹೊತ್ತಿತು. ಆ ಜೀಪುಗಳಲ್ಲಿ ಕೆಲವು ಇವತ್ತಿಗೂ ಓಡುತ್ತಾ ಉಂಟು. ಆದರೆ ಬಾನೆಟ್ಟಿನ ಅಡಿಯಲ್ಲಿರುವುದು ಯಾವ ಇಂಜಿನ್ ಅಂತ ಕೇಳಿದರೆ, "ಡೀಸೆಲ್" ಎಂಬಲ್ಲಿಗೆ ನಮ್ಮ ಉತ್ತರ ಮುಗಿಯುತ್ತದೆ.

ಈ ಉತ್ತರದಿಂದ ನಮಗೇ ಪೆಟ್ಟು ಬಿದ್ದದ್ದುಂಟು. 1997ರ ಆಟಿ ತಿಂಗಳಲ್ಲಿ ನಮ್ಮ ಜೀಪಿನ ಹೆಡ್ ಬಿಚ್ಚಿ, ಪೇಟೆಗೆ ಹೋಗಿ "ಡೀಸೆಲ್ ಜೀಪಿನ ಗ್ಯಾಸ್ಕೆಟ್ ಕೊಡಿ" ಅಂದೆವು. ಕೊಟ್ಟರು. ತಂದು ಇಟ್ಟರೆ ಒಂದು ತೂತೂ ಕೂಡುವುದಿಲ್ಲ! ತಪ್ಪು ಅಂಗಡಿಯವರದ್ದಲ್ಲ, ನಾವು ಹೇಳಿದ್ದೇ ಅರ್ಧ. ಆ ರಾತ್ರಿಯೇ ನೆರೆಮನೆಯ ಅಜ್ಜಿಗೆ ಉಬ್ಬಸ ಜೋರಾಯಿತು. ಜೀಪು ಶೆಡ್ಡಿನಲ್ಲಿ ಬಾಯಿ ತೆರೆದು ಕೂತಿತ್ತು. ಕುರ್ಚಿಗೆ ಬಿದಿರು ಕಟ್ಟಿ, ಸುರಿಯುವ ಮಳೆಯಲ್ಲಿ ಡಾಮರು ರಸ್ತೆಯವರೆಗೆ ನಾಲ್ಕು ಜನ ಹೊತ್ತೆವು. ಅಜ್ಜಿ ಉಳಿದರು, ಅದು ನಮ್ಮ ಪುಣ್ಯ.

ಈಗ ವಿಷಯಕ್ಕೆ ಬರುವ. ಬಾನೆಟ್ಟು ನೋಡಿ ಇಂಜಿನ್ ಹೇಳಬೇಡಿ. ಎತ್ತರದ ಬಾನೆಟ್ಟಿನ ಸಿಜೆ-3ಬಿ ಜೀಪನ್ನು ವಿಲ್ಲೀಸ್ ಕಂಪೆನಿ 1953ರಲ್ಲಿ ತಂದಿತು, ಅದೇ ನಮೂನೆಯನ್ನು ಇಲ್ಲಿ ಮಹೀಂದ್ರದವರು ಮಾಡಿದರು. ಬಾನೆಟ್ಟು ಎತ್ತರಿಸಿದ್ದು ಚಂದಕ್ಕಲ್ಲ, ಒಳಗಿನ ಹರಿಕೇನ್ ಎಫ್-134 ಪೆಟ್ರೋಲ್ ಇಂಜಿನ್ ಎತ್ತರವಾಗಿದ್ದ ಕಾರಣ. ಅದರ ಹಿಂದಿನ ಗೋ ಡೆವಿಲ್ ಇಂಜಿನ್ನಿಗೆ ಹೆಡ್ಡು ಚಪ್ಪಟೆ. ಎರಡೂ ವಾಲ್ವು ಬ್ಲಾಕಿನಲ್ಲೇ, ಸ್ಪಾರ್ಕ್ ಪ್ಲಗ್ಗು ಮೇಲಿನಿಂದ. ಹರಿಕೇನಿನಲ್ಲಿ ಒಳಗೆಳೆಯುವ ವಾಲ್ವು ಹೆಡ್ಡಿಗೆ ಏರಿತು, ಹೊಗೆಯ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಹಾಗಾಗಿ ಮೇಲೆ ತಗಡಿನ ಕವರ್, ಕಾರ್ಬುರೇಟರ್ ಹೆಡ್ಡಿನ ಮೇಲೆ, ಪ್ಲಗ್ಗು ಬದಿಯಲ್ಲಿ. 134 ಅಂದರೆ ಘನ ಇಂಚು, ನಮ್ಮ ಲೆಕ್ಕದಲ್ಲಿ 2.2 ಲೀಟರ್.

ಪೆಟ್ರೋಲಿಗೆ ದುಡ್ಡು ಸುರಿದು ಸಾಕಾದವರು ಆ ಇಂಜಿನ್ನನ್ನು ಇಳಿಸಿ ಡೀಸೆಲ್ ಕೂರಿಸಿದರು. ಗೊಂದಲ ಶುರುವಾದದ್ದೇ ಅಲ್ಲಿ.

ಡೀಸೆಲ್ಲಿನಲ್ಲಿ ನಾವು ಹೆಚ್ಚಾಗಿ ಕಾಣುವುದು ಮೂರು ಕುಲ. ಎಂಡಿ 2350 ಎನ್ನುವುದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಕುಟುಂಬದ್ದು. ನಿಧಾನದ ಎತ್ತು, ಆದರೆ ಎಳೆತ ಉಂಟು. ಎರಡನೆಯದು ಎಂಎಂ 540 ಜೀಪಿಗೆ ಬಂದ ಪ್ಯೂಜೋ ಎಕ್ಸ್‌ಡಿಪಿ 4.90. ಹೆಸರಲ್ಲೇ ಗುಟ್ಟು ಉಂಟು: ನಾಲ್ಕು ಸಿಲಿಂಡರು, 90 ಮಿ.ಮೀ. ಬೋರು, ಒಟ್ಟು 2112 ಸಿಸಿ. ಡೀಸೆಲ್ ಮೊದಲು ಹೆಡ್ಡಿನ ಸಣ್ಣ ಕೋಣೆಯಲ್ಲಿ ಉರಿಯುವುದರಿಂದ ಪ್ರತಿ ಸಿಲಿಂಡರಿಗೂ ಹೀಟರ್ ಪ್ಲಗ್ಗು ಬೇಕು. ಚಳಿಯ ಬೆಳಿಗ್ಗೆ ಹೀಟರ್ ಕೊಡದೆ ಸ್ಟಾರ್ಟ್ ಮಾಡಿ, ಬ್ಯಾಟರಿಗೆ ಬೈದವರು ಎಷ್ಟು ಜನ ಮಾರಾಯ್ರೇ! ಮೂರನೆಯದು 2523 ಸಿಸಿಯ ಡಿಐ. ಇದರಲ್ಲಿ ಡೀಸೆಲ್ ನೇರ ಪಿಸ್ಟನ್ನಿನ ತಲೆಯ ಗುಳಿಗೆ ಬೀಳುತ್ತದೆ. ಕಮಾಂಡರಿನಲ್ಲೂ ಈ ಕುಲ ಬಂದದ್ದುಂಟು.

ಬೋರು ಮಾತ್ರ ಅಳೆದು ತೀರ್ಮಾನ ಮಾಡಬೇಡಿ. ಡಿಐಯದ್ದು 88.9, ಪ್ಯೂಜೋದ್ದು 90. ಸವೆದ ಸಿಲಿಂಡರಿನಲ್ಲಿ ಕಣ್ಣಿಗೆ ಎರಡೂ ಒಂದೇ. ಪಿಸ್ಟನ್ನಿನ ಓಡಾಟ ಅಳೆಯಿರಿ. ಪ್ಯೂಜೋದ್ದು 83 ಮಿ.ಮೀ., ಡಿಐಯದ್ದು 101.6. ಅಲ್ಲಿ ಸುಳ್ಳು ನಡೆಯುವುದಿಲ್ಲ.

ಹೆಡ್ ಬಿಚ್ಚುವ ಮೊದಲೇ ಗೊತ್ತಾಗಬೇಕಾದರೆ ಬ್ಲಾಕಿನ ನಂಬ್ರ ಹುಡುಕಿ. ಹರಿಕೇನಿನಲ್ಲಿ ಅದು ಎದುರು, ವಾಟರ್ ಪಂಪಿನ ಹತ್ತಿರ. ಎಣ್ಣೆ ಜಿಡ್ಡನ್ನು ಸೀಮೆಎಣ್ಣೆ ಬ್ರಷ್ಷಿನಿಂದ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್ ಆಡಿಸಿದರೆ ಅಕ್ಷರ ಏಳುತ್ತದೆ. ಅದನ್ನು ಆರ್‌ಸಿ ಪುಸ್ತಕದ ಜತೆ ತಾಳೆ ನೋಡಿ. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನಡಿ ಡೀಸೆಲ್ ಇದ್ದರೆ ಕ್ರಯಕ್ಕೆ ಕೈ ಹಾಕಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಪುಸ್ತಕದಲ್ಲಿ ಬರೆಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ಚಹಾ ಆದ ಮೇಲೆ ಗೋದಾಮಿನ ಹಿಂದೆ ಎರಡು ಜೀಪುಗಳ ಬಾನೆಟ್ಟು ತೆರೆದಿಡುತ್ತೇವೆ. ಯಾವುದು ಪ್ಯೂಜೋ, ಯಾವುದು ಡಿಐ ಅಂತ ನೀವೇ ಹೇಳಿ. ಬಿಳಿ ಅಂಗಿಯವರು ಸ್ವಲ್ಪ ದೂರ ನಿಲ್ಲಿ, ಒಂದರಲ್ಲಿ ಆಯಿಲ್ ಲೀಕ್ ಉಂಟು.