ಮೈಮೇಲಿನ ಕಾವಲು



ಅಶಕ್ತರನ್ನು ಕಾಯಲೆಂದು ಮೈಮೇಲೆ ಧರಿಸುವ ಯಂತ್ರಗಳ ಕಥೆಯನ್ನು ನಾವು ದೂರ ಹುಡುಕಬೇಕಾಗಿಲ್ಲ. ಈ ಬರ್ಮಿಂಗ್‌ಹ್ಯಾಮ್ ನಗರದಲ್ಲಿಯೇ 1960ರಲ್ಲಿ ಶಸ್ತ್ರವೈದ್ಯ ಲಿಯಾನ್ ಏಬ್ರಮ್ಸ್ ಮತ್ತು ಎಂಜಿನಿಯರ್ ರೇ ಲೈಟ್‌ವುಡ್ ಒಂದು ಪೇಸ್‌ಮೇಕರನ್ನು ರೂಪಿಸಿದರು. ಮಿಡಿತವನ್ನು ಹುಟ್ಟಿಸುವ ಪೆಟ್ಟಿಗೆ ದೇಹದ ಹೊರಗಿರುತ್ತಿತ್ತು. ಎದೆಗೆ ಅಂಟಿಸಿದ ತಂತಿಸುರುಳಿಯಿಂದ ಚರ್ಮದೊಳಗಿನ ಇನ್ನೊಂದು ಸುರುಳಿಗೆ ಆ ಮಿಡಿತವು, ಚರ್ಮವನ್ನು ತೂತುಮಾಡದೆಯೇ, ದಾಟುತ್ತಿತ್ತು. ಬ್ಯಾಟರಿ ಬದಲಿಸಲು ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ಬಡಿತದ ವೇಗವನ್ನು ರೋಗಿಯೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದಾಗಿತ್ತು. ಅದನ್ನು ತಯಾರಿಸಿದ್ದು ಮೋಟಾರುಗಾಡಿಗಳ ವಿದ್ಯುತ್ ಉಪಕರಣಗಳಿಗೆ ಹೆಸರಾದ ಲೂಕಸ್ ಕಂಪನಿ!

ಧರಿಸುವವನ ನಿತ್ಯಜೀವನವು ಆ ವಿನ್ಯಾಸಕಾರರ ಕಣ್ಣೆದುರಿಗಿತ್ತು. ಎಲ್ಲ ಯಂತ್ರಗಳ ವಿಷಯದಲ್ಲಿಯೂ ಹೀಗೆನ್ನಲಾಗದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೇ ನೋಡೋಣ. 1974ರಲ್ಲಿ ಜಪಾನಿನ ಟಕುವೊ ಅವೊಯಾಗಿ ಅವರು ಪ್ರಕಟಿಸಿದ ತತ್ತ್ವ ಇದರ ಮೂಲ. ಕೆಂಪು ಮತ್ತು ಅವಕೆಂಪು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂಬುದರಿಂದ ರಕ್ತದ ಆಮ್ಲಜನಕವನ್ನು ಅದು ಅಂದಾಜು ಮಾಡುತ್ತದೆ. ಆದರೆ ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆಯಷ್ಟೆ! ಕೋವಿಡ್ ಕಾಲದಲ್ಲಿ ಮನೆಮನೆಗೆ ಈ ಯಂತ್ರಗಳು ಬಂದವು. 92 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬ ಸೂಚನೆಯೂ ಬಂದಿತು. ನಾಟಿಂಗ್‌ಹ್ಯಾಮಿನ ಆಸ್ಪತ್ರೆಯ ರೋಗಿಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವು, ಬಿಳಿಯರಿಗಿಂತ ಕಪ್ಪುಜನರಲ್ಲಿ ಹಾಗೂ ಏಷ್ಯಾದವರಲ್ಲಿ ಯಂತ್ರವು ನಿಜಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುವ ಒಲವುಳ್ಳದ್ದೆಂದು ಕಂಡುಕೊಂಡಿತು. ನಿಜವಾಗಿ 91 ಇದ್ದಾಗ ಅಂಕಿ 94 ಎಂದರೆ, ಆ ಮನೆಯವರು ನೆಮ್ಮದಿಯಿಂದ ಮಲಗಿಬಿಡುತ್ತಾರೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಮಾರ್ಗರೆಟ್ ವೈಟ್‌ಹೆಡ್ ಅವರ ನೇತೃತ್ವದ ಸ್ವತಂತ್ರ ಸಮಿತಿಯ ವರದಿಯೂ 2024ರ ಮಾರ್ಚಿನಲ್ಲಿ ಈ ಕೊರತೆಯನ್ನು ಎತ್ತಿಹೇಳಿತು. ಯಂತ್ರವನ್ನು ಎಸೆಯಬೇಕೆಂದಲ್ಲ. ಒಂದೇ ಅಂಕಿಯನ್ನು ನೆಚ್ಚದೆ, ಆರೋಗ್ಯವಾಗಿದ್ದಾಗಿನ ಅಂಕಿಯಿಂದ ಎಷ್ಟು ಇಳಿದಿದೆಯೆಂಬುದನ್ನು ನಾವು ಗಮನಿಸಬೇಕು. ಉಸಿರಾಟ ಕಷ್ಟವಾದರೆ ಅಂಕಿ ಏನೇ ಹೇಳಲಿ, ವೈದ್ಯರನ್ನು ಕರೆಯಬೇಕು. ಇಂತಹ ಯಂತ್ರಗಳ ಪರೀಕ್ಷೆಗೆ ಸ್ವಯಂಸೇವಕರನ್ನು ಕರೆದಾಗ ನಮ್ಮ ಕಂದು ಬೆರಳುಗಳನ್ನೂ ಚಾಚಬೇಕು. ಈ ವಿಷಯದಲ್ಲಿ ನಾವು ಸಂಕೋಚದವರು.

ಇನ್ನು ಲೀಡ್ಸ್, ಮ್ಯಾಂಚೆಸ್ಟರುಗಳ ಮನೆಗಳಲ್ಲಿ ಹಗಲೆಲ್ಲ ಒಂಟಿಯಾಗಿರುವ ನಮ್ಮ ತಾಯಂದಿರ, ಅತ್ತೆಯರ ಕೊರಳಿನ ಗುಂಡಿ. ಬಿದ್ದಾಗ ಒತ್ತಿದರೆ ದೂರವಾಣಿಯ ಮೂಲಕ ಕೇಂದ್ರದವರು ಮಾತನಾಡುತ್ತಾರೆ. (ಮಂಗಳಸೂತ್ರದ ಜತೆಗೆ ಇದೊಂದು ಏಕೆಂದು ದೇವರ ಕೋಣೆಯ ಮೊಳೆಗೆ ತೂಗುಹಾಕುವ ಹಿರಿಯರೂ ಉಂಟು.) ಹಳೆಯ ತಂತಿ ದೂರವಾಣಿ ಜಾಲವನ್ನು 2027ರ ಜನವರಿ ಅಂತ್ಯದೊಳಗೆ ನಿಲ್ಲಿಸಬೇಕೆಂದು ಗೊತ್ತುಪಡಿಸಲಾಗಿದೆ. ಹೊಸ ಡಿಜಿಟಲ್ ಮಾರ್ಗವು ಮನೆಯ ವಿದ್ಯುತ್ತನ್ನು ಅವಲಂಬಿಸಿದೆ. ಬ್ಯಾಟರಿಯ ಆಸರೆಯಿಲ್ಲದಿದ್ದರೆ ವಿದ್ಯುತ್ ಹೋದಾಗ ಗುಂಡಿಯೂ ಮೂಕವಾದೀತು. ಮನೆಯಲ್ಲಿ ಇಂತಹ ಗುಂಡಿಯಿದೆಯೆಂದು ದೂರವಾಣಿ ಕಂಪನಿಗೆ ನಾವೇ ತಿಳಿಸಿ, ಹೊಸ ಮಾರ್ಗಕ್ಕೆ ಅದು ಹೊಂದುವುದೇ ಎಂದು ಗುಂಡಿ ಕೊಟ್ಟವರನ್ನೂ ಕೇಳಬೇಕು.

ನುಡಿಯ ತೊಡಕು ಬೇರೆಯೇ. ಗಾಬರಿಯಲ್ಲಿ ಇಂಗ್ಲಿಷ್ ಮರೆತುಹೋಗುವುದುಂಟು. ಮರೆವಿನ ರೋಗದಲ್ಲಂತೂ ಮೊದಲು ಕಲಿತ ನುಡಿಯೇ ಕಡೆಯವರೆಗೆ ಉಳಿಯುವುದುಂಟು. "ಅಯ್ಯೋ, ಬಿದ್ದೆನಪ್ಪಾ" ಎಂಬುದು ಕೇಂದ್ರದವರಿಗೆ ತಿಳಿಯುವುದೆಂತು? ಆದುದರಿಂದ ಅಲ್ಲಿಯ ದಾಖಲೆಯಲ್ಲಿ ಕನ್ನಡವೆಂದು ಬರೆಯಿಸಿ, ಕನ್ನಡ ಬಲ್ಲ ಇಬ್ಬರ ದೂರವಾಣಿ ಸಂಖ್ಯೆಗಳನ್ನು ಕೊಡೋಣ. ತಿಂಗಳಿಗೊಮ್ಮೆ ಅಮ್ಮನ ಕೈಯಿಂದಲೇ ಗುಂಡಿಯನ್ನು ಒತ್ತಿಸಿ, ಅತ್ತ ಕಡೆಯ ದನಿ ಅವರಿಗೆ ಕೇಳಿಸುವುದೇ ಎಂದು ಪಕ್ಕದಲ್ಲಿ ಕುಳಿತು ನೋಡೋಣ.