ನಿಷ್ಕ್ರಿಯ ನಿಗಮ-ಮಂಡಳಿಗಳು: ರದ್ದುಮಾಡುವ ಮುನ್ನ



ಕೆಲಸವಿಲ್ಲದ ನಿಗಮ, ಮಂಡಳಿ, ಆಯೋಗಗಳನ್ನು ಮುಚ್ಚಬೇಕೆಂಬ ಮಾತು ನಮ್ಮ ರಾಜ್ಯದಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ನ್ಯಾಯವಿದೆ. ಸಚಿವ ಸ್ಥಾನ ಸಿಗದವರ ಸಮಾಧಾನಕ್ಕೆ ಅಧ್ಯಕ್ಷಗಿರಿ ಹಂಚುವುದು ಎಲ್ಲ ಪಕ್ಷಗಳಿಗೂ ರೂಢಿಯಾಗಿದೆ. ಕಾರು, ಕಚೇರಿ, ಸಿಬ್ಬಂದಿಯ ವೆಚ್ಚ ಮಾತ್ರ ಜನರ ತೆರಿಗೆಯದ್ದು.

ಆದರೆ ಸಂಸ್ಥೆಯೊಂದು ನಿಷ್ಕ್ರಿಯವಾದದ್ದು ಹೇಗೆಂದು ಮೊದಲು ಕೇಳಿ. ಕೆಲಸ ಮುಗಿದು ಸುಮ್ಮನಾಯಿತೇ, ಅಥವಾ ನೇಮಕ ಮಾಡದೆ, ಅನುದಾನ ಕೊಡದೆ ಸುಮ್ಮನಾಗಿಸಲಾಯಿತೇ? ಮೊದಲನೆಯದನ್ನು ಮುಚ್ಚಲಿ. ಎರಡನೆಯದಕ್ಕೆ ಬೇಕಾದದ್ದು ಬೀಗವಲ್ಲ, ನೇಮಕ.

ನಮಗೆ ಹತ್ತಿರದ ಉದಾಹರಣೆ ನೋಡಿ. ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ 1986ರಲ್ಲಿ ಸ್ಥಾಪನೆಯಾಯಿತು. ಅದರ ‘ಅರಿವು’ ಸಾಲದಿಂದ ವೃತ್ತಿಶಿಕ್ಷಣ ಪಡೆದವರು ನಿಮ್ಮಲ್ಲೇ ಇರಬಹುದು. ಅಲ್ಪಸಂಖ್ಯಾತರ ಆಯೋಗ 1994ರ ಕಾಯ್ದೆಯಿಂದ ಬಂದದ್ದು. ಬರೀ ಸರಕಾರಿ ಆದೇಶದಿಂದ ಅದನ್ನು ರದ್ದು ಮಾಡಲಾಗದು, ಶಾಸನವೇ ಆಗಬೇಕು. ಆದರೆ ಅಧ್ಯಕ್ಷರನ್ನು, ಸದಸ್ಯರನ್ನು ನೇಮಿಸದಿದ್ದರೆ ಸಾಕು, ಕಾಯ್ದೆ ಇದ್ದೂ ಆಯೋಗ ಇಲ್ಲದಂತಾಗುತ್ತದೆ.

ಹಾಗೆಂದು ‘ನಮ್ಮದು ಉಳಿಯಲಿ, ಬೇರೆಯವರದು ಹೋಗಲಿ’ ಎನ್ನುವುದು ಬೇಡ. ಎಲ್ಲಕ್ಕೂ ಒಂದೇ ಅಳತೆಗೋಲಿರಲಿ. ಕಳೆದ ವರ್ಷ ಎಷ್ಟು ಸಭೆ ನಡೆದವು? ಎಷ್ಟು ಅರ್ಜಿ ಬಂದವು, ಎಷ್ಟು ಇತ್ಯರ್ಥವಾದವು? ಸಂಬಳಕ್ಕೆಷ್ಟು, ಫಲಾನುಭವಿಗಳಿಗೆಷ್ಟು? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನೀವೇ ಕೇಳಬಹುದು. 30 ದಿನಗಳೊಳಗೆ ಉತ್ತರಿಸಬೇಕೆಂಬುದು ನಿಯಮ. ಉತ್ತರ ಓದಿದ ಮೇಲೆ ‘ಮುಚ್ಚಿರಿ’ ಎನ್ನಿ, ಇಲ್ಲವೇ ‘ನಡೆಸಿರಿ’ ಎನ್ನಿ.

ಈ ವರ್ಷ ನಮ್ಮ ಒಬ್ಬೊಬ್ಬ ಪದವಿ ವಿದ್ಯಾರ್ಥಿಯೂ ಇಂಥ ಒಂದೊಂದು ಅರ್ಜಿ ಬರೆದರೆ ನನ್ನ ಈ ಭಾಷಣಕ್ಕಿಂತ ಅದೇ ದೊಡ್ಡ ಕೆಲಸ.